ಕೊಟ್ಟಿಗೆ, ಹಗೇವು, ಹುಳು ಮನೆಗಳೂ ಉಳಿಯಲಿ

ಮಾನ್ಯ ಸಂಪಾದಕರೇ,

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವವರು ಈಗ ಜಾಸ್ತಿ. ಅದು ತಪ್ಪಲ್ಲ. ಆದರೆ ಮನೆಗಿಂತ ಮೊದಲು ನೆಲಸಮ ಆಗುವುದು ಹಿತ್ತಿಲ ಕೊಟ್ಟಿಗೆ, ಕಣದ ಪಕ್ಕದ ಹಗೇವು (ಧಾನ್ಯ ತುಂಬಿಡುವ ನೆಲದೊಳಗಿನ ಗುಂಡಿ), ರೇಷ್ಮೆ ಹುಳು ಸಾಕುವ ಮಣ್ಣು ಗೋಡೆಯ ಹುಳು ಮನೆ. ಜೆಸಿಬಿ ಬಂದರೆ ಅರ್ಧ ದಿನದ ಕೆಲಸ, ಯಾರೂ ಒಂದು ಫೋಟೊ ಕೂಡ ತೆಗೆದಿಡುವುದಿಲ್ಲ. ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ ರಕ್ಷಣೆ ಇದೆ, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ಮ್ಯೂಸಿಯಂ ಆಗಿದೆ, ಸಂತೋಷ. ದುಡಿಮೆ ನಡೆದ ಕಟ್ಟಡಗಳಿಗೆ ಮಾತ್ರ ಹೇಳೋರು ಕೇಳೋರು ಇಲ್ಲ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಏನು ಮಾಡಿದ್ದಾರೆ ನೋಡಿ. ರೆಕ್ಸ್‌ಹ್ಯಾಮ್ ಹತ್ತಿರ ಎರ್ದಿಗ್ ಅಂತ ಒಂದು ದೊಡ್ಡ ಜಮೀನ್ದಾರರ ಮನೆ. ಕಲ್ಲಿದ್ದಲು ಗಣಿಯಿಂದಾಗಿ ಕಟ್ಟಡ ಸುಮಾರು 5 ಅಡಿ ಕುಸಿದಿತ್ತು. ಕೊನೆಯ ಯಜಮಾನ ಫಿಲಿಪ್ ಯಾರ್ಕ್ 1973ರಲ್ಲಿ ಅದನ್ನು ಹಳೆ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಕೊಟ್ಟರು. ದುರಸ್ತಿಯಾಗಿ 1977ರಲ್ಲಿ ಅದು ಜನರಿಗೆ ತೆರೆಯಿತು. ಆಗ ಟ್ರಸ್ಟ್‌ನವರು ಮುಂಬಾಗಿಲ ಬದಲು, ಮರ ಕೊಯ್ಯುವ ಗುಂಡಿ, ಬಡಗಿ ಶೆಡ್, ಕುಲುಮೆ, ಕುದುರೆ ಲಾಯ, ಬಟ್ಟೆ ಒಗೆಯುವ ಮನೆ ಎಲ್ಲ ದಾಟಿಕೊಂಡೇ ಒಳಗೆ ಹೋಗುವ ಹಾಗೆ ದಾರಿ ಮಾಡಿದರು. ಆ ಮನೆಯವರು 18ನೇ ಶತಮಾನದಲ್ಲೇ ತಮ್ಮ ಕಮ್ಮಾರ, ಬಡಗಿ, ಕೆಲಸದ ಹೆಂಗಸಿನ ಚಿತ್ರ ಬರೆಸಿದ್ದರು, ಅವೂ ಅಲ್ಲೇ ಇವೆ. ವೇಲ್ಸ್‌ನದೇ ಇನ್ನೊಂದು ಜಮೀನ್ದಾರಿ ಎಸ್ಟೇಟ್ ಲ್ಯಾನೆರ್ಖೈರಾನ್‌ನಲ್ಲಿ 1790ರ ದಶಕದ ಮನೆಯ ಜೊತೆಗೆ ಹಾಲಿನ ಕೋಣೆ, ಮಾಂಸಕ್ಕೆ ಉಪ್ಪು ಹಾಕುವ ಕೋಣೆ, ರೊಟ್ಟಿ ಸುಡುವ ಮನೆ ಎಲ್ಲ ಉಳಿದಿವೆ. ಪಕ್ಕದ ಕೃಷಿ ಈಗಲೂ ನಡೆಯುತ್ತಿದೆ. ಅಲ್ಲಿ ಒಂದು ಮನೆ ಸರ್ಕಾರದ ಪಟ್ಟಿಗೆ ಸೇರಿತು ಅಂದರೆ, ಅದರ ಆವರಣದಲ್ಲಿ 1948ರ ಜುಲೈ 1ಕ್ಕೂ ಮುಂಚೆ ಕಟ್ಟಿದ ಕೊಟ್ಟಿಗೆಗೂ ಸಾಮಾನ್ಯವಾಗಿ ಅದೇ ರಕ್ಷಣೆ.

ನಮ್ಮ ಹಗೇವು ಇದಕ್ಕಿಂತ ಕಡಿಮೆಯೇ? ಬಾಯಿ ಒಬ್ಬ ಇಳಿಯುವಷ್ಟು ಕಿರಿದು, ಒಳಗೆ ಅಗಲ. ನೆಲ ಗಟ್ಟಿ ಇರುವ, ನೀರು ಜಿನುಗದ ಕಡೆಯೇ ತೋಡಬೇಕು. ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಗಾಳಿ ಆಡುವುದಿಲ್ಲ, ಹುಳ ಬದುಕುವುದಿಲ್ಲ, ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬರಗಾಲಕ್ಕೆ ಅದೇ ಆಸರೆ. ತೆಗೆದ ತಕ್ಷಣ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗದಲ್ಲಿ ದೀಪ ಇಳಿಸಿ ನೋಡುತ್ತಿದ್ದರು, ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ. ಇಷ್ಟು ತಿಳಿವಳಿಕೆ ಇರುವ ಜಾಗವನ್ನು ಸುಮ್ನೆ ಕಸ ತುಂಬಿ ಮುಚ್ಚುತ್ತಿದ್ದೇವೆ. ನನಗೆ ಇದು ನಿಜಕ್ಕೂ ಸಂಕಟ. ಹುಳು ಮನೆಯ ಕತೆಯೂ ಇದೇ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ಬೆಳೆದದ್ದು ಆ ಮಣ್ಣು ಗೋಡೆಗಳ ತಂಪಿನಿಂದ, ಹುಳು ಮೇಯಿಸುವ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಂಕಿಗಳಿಂದ ಅಲ್ವಾ?

ಅಲ್ಲಿನವರು ಸಾವಿರಾರು ಎಕರೆಯ ಧಣಿಗಳು, ಇಲ್ಲಿನವರು ಎರಡು ಮೂರು ಎಕರೆಯ ರೈತರು. ಬೀಳುವ ಕೊಟ್ಟಿಗೆ ಉಳಿಸಿಕೊಳ್ಳಿ ಅಂತ ಅವರ ಮೇಲೆ ಹೊರೆ ಹಾಕುವುದು ಅನ್ಯಾಯ. ಉಳಿಸಿಕೊಂಡವರಿಗೆ ಪಂಚಾಯಿತಿ ಮನೆ ಕಂದಾಯ ಬಿಡಲಿ, ಚಾವಣಿ ದುರಸ್ತಿಗೆ ಸ್ವಲ್ಪ ಹಣ ಕೊಡಲಿ. ಕೆಡವಲೇಬೇಕು ಅನ್ನುವವರು ಕೆಡವಲಿ, ಆದರೆ ಅದಕ್ಕೆ ಮುಂಚೆ ಅಳತೆ, ನಕ್ಷೆ, ಫೋಟೊ ಆಗಲಿ. ಹತ್ತಿರದ ಕಾಲೇಜು ಹುಡುಗರು ಈ ಕೆಲಸ ಮಾಡಬಲ್ಲರು. ತಾಲ್ಲೂಕಿಗೆ ಒಂದಾದರೂ ಹಟ್ಟಿಯನ್ನು ಕೊಟ್ಟಿಗೆ, ಕಣ, ಹಗೇವು ಸಮೇತ ಇದ್ದಲ್ಲೇ ಉಳಿಸಲಿ, ಕಲ್ಲು ಕಂಬ ಮಾತ್ರ ಕಿತ್ತು ತಂದು ಪಾರ್ಕಿನಲ್ಲಿ ನಿಲ್ಲಿಸುವುದು ಬೇಡ. ರಸ್ತೆ ಅಗಲ ಮಾಡಲು ಗೋಡೆಗಳಿಗೆ ಗುರುತು ಹಾಕಿರುವ ಊರುಗಳಿಂದಲೇ ಶುರು ಮಾಡಲಿ. ಹಗೇವು ತೋಡಿ ಗೊತ್ತಿರುವ ಹಿರಿಯರು ಆ ಊರುಗಳಲ್ಲಿ ಇನ್ನೂ ಇದ್ದಾರೆ, ಮೊದಲು ಅವರನ್ನು ಕೇಳಿ ಬರೆದುಕೊಳ್ಳಲಿ.

– ಒಬ್ಬ ಓದುಗ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ