ಶನಿವಾರ ಸಂಜೆಗೆ ಮುಂದೂಡಿದ ದೂರದರ್ಶಕದ ಉಡಾವಣೆ: ಪೋಷಕರಿಗೆ ಪತ್ರ

23 ಡಿಸೆಂಬರ್ 2021

ಮಾನ್ಯ ಪೋಷಕರೇ,

ನಾಳೆ ಶುಕ್ರವಾರ ಸಂಜೆ ಮಕ್ಕಳನ್ನೆಲ್ಲ ಶಾಲೆಯ ಸಭಾಂಗಣದಲ್ಲಿ ಕೂರಿಸಿ, ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಉಡಾವಣೆಯ ನೇರ ಪ್ರಸಾರ ತೋರಿಸುವುದಾಗಿ ಕಳೆದ ವಾರ ತಮಗೆ ತಿಳಿಸಿದ್ದೆವು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ಉಡಾವಣಾ ಕೇಂದ್ರದಲ್ಲಿ ಹವಾಮಾನ ಅನುಕೂಲವಾಗಿಲ್ಲದ ಕಾರಣ ಉಡಾವಣೆಯನ್ನು ಒಂದು ದಿನ ಮುಂದೂಡಲಾಗಿದೆ. ಈಗಿನ ಪ್ರಕಟಣೆಯಂತೆ 25ರ ಶನಿವಾರ, ಭಾರತೀಯ ಕಾಲಮಾನ ಸಂಜೆ 5.50ರಿಂದ 6.22ರೊಳಗೆ ರಾಕೆಟ್ ಏರಬೇಕು. ಅಂದು ಕ್ರಿಸ್ಮಸ್ ರಜೆಯಾದ್ದರಿಂದ ಸಭಾಂಗಣದ ಕಾರ್ಯಕ್ರಮವನ್ನು ಕೈಬಿಟ್ಟಿದ್ದೇವೆ. ಮಕ್ಕಳು ತಮ್ಮೊಂದಿಗೆ ಮನೆಯಲ್ಲೇ ಕುಳಿತು ಇದನ್ನು ನೋಡಲಿ ಎಂಬುದು ನನ್ನ ಕೋರಿಕೆ.

ಸುದ್ದಿ ಕೇಳಿದ ಮಕ್ಕಳ ಮುಖ ಬಾಡಿತು. ಏಳನೆಯ ತರಗತಿಯ ಹುಡುಗಿಯೊಬ್ಬಳು, ‘ಮಳೆಗೆ ರಾಕೆಟ್ ಒದ್ದೆಯಾಗುತ್ತದೆಯೇ ಸರ್?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಮಳೆಯ ನೀರಿಗಿಂತ ಮಿಂಚಿನದೂ ಎತ್ತರದ ಗಾಳಿಯದೂ ಭಯ ಹೆಚ್ಚು. ನೆಲದ ಮೇಲೆ ಎಲೆ ಅಲುಗಾಡದಷ್ಟು ಶಾಂತವಾಗಿರುವ ದಿನವೂ ಹತ್ತಾರು ಕಿಲೋಮೀಟರ್ ಮೇಲೆ ಗಾಳಿ ರಭಸದಿಂದ ಬೀಸುತ್ತಿರಬಹುದು. ಅತಿವೇಗದಲ್ಲಿ ಏರುತ್ತಿರುವ ರಾಕೆಟ್ಟಿಗೆ ಅದು ಪಕ್ಕದಿಂದ ಅಪ್ಪಳಿಸಿದರೆ ಅದರ ಮೈ ತಡೆಯಲಾರದಷ್ಟು ಒತ್ತಡ ಬೀಳಬಹುದು. ಒಂದು ವೇಳೆ ಏರುವಾಗಲೇ ಅವಘಡವಾದರೆ ಚೂರುಗಳು ಎತ್ತ ಬೀಳುತ್ತವೆ ಎಂಬುದನ್ನೂ ಗಾಳಿಯೇ ನಿರ್ಧರಿಸುತ್ತದೆ. ಹೀಗಾಗಿ ಕಾಯುವುದು ಉಡಾವಣೆಯ ಕೆಲಸದ್ದೇ ಒಂದು ಭಾಗ, ಅದು ಸೋಲಲ್ಲ ಎಂದು ಮನೆಯಲ್ಲಿ ತಾವೂ ಮಕ್ಕಳಿಗೆ ಹೇಳಬೇಕು.

ಈ ದೂರದರ್ಶಕದ ವಿಷಯದಲ್ಲಿ ಇಷ್ಟೊಂದು ಎಚ್ಚರಿಕೆ ಏಕೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಕನ್ನಡಿಯನ್ನು ಉಜ್ಜಿ ರೂಪಿಸುವಾಗ ಕೂದಲೆಳೆಗಿಂತಲೂ ಎಷ್ಟೋ ಸಣ್ಣ ತಪ್ಪೊಂದು ಉಳಿದುಹೋಗಿ, ಅದು ಕಳಿಸಿದ ಚಿತ್ರಗಳು ಮಸುಕಾಗಿದ್ದವು. ಆದರೆ ಅದು ಭೂಮಿಯಿಂದ ಕೆಲವೇ ನೂರು ಕಿಲೋಮೀಟರ್ ಮೇಲಿದ್ದುದರಿಂದ 1993ರಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ ದೋಷವನ್ನು ಸರಿಪಡಿಸಿದರು. ವೆಬ್ ಹೋಗುತ್ತಿರುವುದು ಸುಮಾರು 15 ಲಕ್ಷ ಕಿಲೋಮೀಟರ್ ದೂರಕ್ಕೆ, ಅಂದರೆ ಚಂದ್ರನಿಗಿಂತ ಸುಮಾರು ನಾಲ್ಕು ಪಟ್ಟು ಆಚೆಗೆ. ಅಲ್ಲಿಗೆ ರಿಪೇರಿಗೆ ಯಾರೂ ಹೋಗಲಾರರು.

ಅದರ ಮುಖ್ಯ ಕನ್ನಡಿ 6.5 ಮೀಟರ್ ಅಗಲವಿದೆ. ಹಬಲ್‌ನ ಕನ್ನಡಿ 2.4 ಮೀಟರ್. ರಾಕೆಟ್ಟಿನ ತಲೆಭಾಗದೊಳಗೆ ಅಷ್ಟು ಅಗಲದ ಕನ್ನಡಿ ಇಡಿಯಾಗಿ ಹಿಡಿಸುವುದಿಲ್ಲವಾದ್ದರಿಂದ ಬೆರಿಲಿಯಂ ಲೋಹದ ಮೇಲೆ ಚಿನ್ನದ ತೆಳು ಲೇಪವಿರುವ 18 ಷಟ್ಕೋನ ತುಂಡುಗಳನ್ನು ಜೋಡಿಸಿ, ಎರಡೂ ಬದಿಗಳನ್ನು ಹಿಂದಕ್ಕೆ ಮಡಿಚಿಟ್ಟಿದ್ದಾರೆ. ಬಿಸಿಲನ್ನು ತಡೆಯುವ, ಟೆನಿಸ್ ಅಂಗಳದಷ್ಟು ದೊಡ್ಡದಾದ ಐದು ಪದರಗಳ ಪರದೆಯೂ ಮಡಿಚಿಕೊಂಡೇ ಹೋಗಿ ದಾರಿಯಲ್ಲಿ ಬಿಚ್ಚಿಕೊಳ್ಳಬೇಕು. ವೆಬ್ ಮುಖ್ಯವಾಗಿ ನೋಡುವುದು ಅವಕೆಂಪು ಕಿರಣಗಳನ್ನು, ಅಂದರೆ ಶಾಖದ ಕಿರಣಗಳನ್ನು. ತಾನೇ ಬೆಚ್ಚಗಿದ್ದರೆ ಸಾವಿರದ ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಹೊರಟ ಮೊದಲ ಗೆಲಾಕ್ಸಿಗಳ ಕ್ಷೀಣ ಬೆಳಕು ಅದರ ಶಾಖದಲ್ಲೇ ಮುಚ್ಚಿಹೋಗುತ್ತದೆ. ಪರದೆಯ ನೆರಳಿನಲ್ಲಿ ಕನ್ನಡಿ ಸೊನ್ನೆಗಿಂತ 220 ಡಿಗ್ರಿಗೂ ಕೆಳಗೆ ತಣಿಯಬೇಕಾಗಿರುವುದು ಇದೇ ಕಾರಣಕ್ಕೆ.

ಮೊದಲ ಆಲೋಚನೆಯಂತೆ ಇದು 2007ರ ಹೊತ್ತಿಗೇ ಹಾರಬೇಕಿತ್ತು, ನಮ್ಮ ಶಾಲೆಯ ಬಹುಪಾಲು ಮಕ್ಕಳು ಆಗ ಹುಟ್ಟಿಯೇ ಇರಲಿಲ್ಲ. 2018ರಲ್ಲಿ ನೆಲದ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ ಪರದೆಯ ಹೊದಿಕೆಯ ತಿರುಪುಗಳು ಉದುರಿದ್ದವು. ಅಂದು ನಿಲ್ಲಿಸಿ ಸರಿಪಡಿಸಿಕೊಂಡದ್ದರಿಂದಲೇ ಇಂದು ಅದನ್ನು ನಂಬಿ ಕಳಿಸಲು ಸಾಧ್ಯವಾಗಿದೆ. ನಾಸಾ, ಯುರೋಪಿನ ಮತ್ತು ಕೆನಡಾದ ಬಾಹ್ಯಾಕಾಶ ಸಂಸ್ಥೆಗಳ ಸಾವಿರಾರು ಜನರ ಇಷ್ಟು ವರ್ಷಗಳ ದುಡಿಮೆ ಆ ಆರಿಯಾನ್ 5 ರಾಕೆಟ್ಟಿನ ತುದಿಯಲ್ಲಿ ಕುಳಿತಿರುವಾಗ ಒಂದು ದಿನ ತಡೆದು ಹಾರಿಸುವುದೇ ಸರಿ ಎಂದು ನಾನು ಮನಸಾರೆ ನಂಬಿದ್ದೇನೆ.

ಶನಿವಾರ ಸಂಜೆ ನಾಸಾದ ಯೂಟ್ಯೂಬ್ ವಾಹಿನಿಯಲ್ಲಿ ನೇರ ಪ್ರಸಾರವಿರುತ್ತದೆ. ರಾಕೆಟ್ ಮೋಡದಲ್ಲಿ ಮರೆಯಾದ ಕೂಡಲೇ ದಯವಿಟ್ಟು ಅದನ್ನು ಆರಿಸಬೇಡಿ. ದೂರದರ್ಶಕವು ರಾಕೆಟ್ಟಿನಿಂದ ಬೇರ್ಪಡುವುದು ಹೊರಟ ಸುಮಾರು 27 ನಿಮಿಷಗಳ ನಂತರ. ಅದರ ಸೌರ ಫಲಕ ತೆರೆದುಕೊಳ್ಳಬೇಕಾದುದು ಅದಾದ ಮೇಲೆ. ಅಲ್ಲಿಯವರೆಗೆ ಮಕ್ಕಳ ಪಕ್ಕದಲ್ಲಿ ಕುಳಿತಿರಿ. ಏನಾದರೂ ತಪ್ಪಿದರೆ ಅದನ್ನು ಅವರಿಂದ ಮುಚ್ಚಿಡುವುದು ಬೇಡ. ಎಲ್ಲವೂ ಸರಿಹೋದರೂ ಕನ್ನಡಿ, ಪರದೆಗಳು ಬಿಚ್ಚಿಕೊಂಡು ದೂರದರ್ಶಕ ತನ್ನ ನೆಲೆ ಸೇರಲು ಒಂದು ತಿಂಗಳು ಹಿಡಿಯುತ್ತದೆ, ಮೊದಲ ಚಿತ್ರಗಳಿಗೆ ಬೇಸಿಗೆ ಕಳೆಯುವವರೆಗೆ ಕಾಯಬೇಕು ಎಂಬುದನ್ನೂ ಅವರಿಗೆ ತಿಳಿಸಿರಿ.

ಮನೆಯಲ್ಲಿ ಇಂಟರ್ನೆಟ್ ಸೌಲಭ್ಯವಿಲ್ಲದವರು ನಾಳೆ ಮಧ್ಯಾಹ್ನದೊಳಗೆ ತರಗತಿ ಶಿಕ್ಷಕರಿಗೆ ತಿಳಿಸಿದರೆ, ಆ ಮಕ್ಕಳಿಗಾಗಿ ವಿಜ್ಞಾನ ಪ್ರಯೋಗಾಲಯವನ್ನು ರಜೆಯ ದಿನವೂ ಸಂಜೆ 5 ಗಂಟೆಗೆ ತೆರೆದಿಡುತ್ತೇನೆ. ನಾನು ಅಲ್ಲಿಯೇ ಇರುತ್ತೇನೆ. ಉಡಾವಣೆ ಮತ್ತೆ ಮುಂದೆ ಹೋದರೆ ಹೊಸ ದಿನಾಂಕವನ್ನು ಸಂದೇಶದ ಮೂಲಕ ಕೂಡಲೇ ತಿಳಿಸಲಾಗುವುದು.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು