ಬ್ಯಾಗ್ ನೋಡು, ಮುಖ ನೋಡಬೇಡ

ಮ್ಯಾಂಚೆಸ್ಟರ್
28 ಮೇ 2017, ಭಾನುವಾರ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಲಂಡನ್ನಿನ ನೆಲದಡಿಯ ರೈಲು ಟ್ಯೂಬಿನಲ್ಲಿ ಎದುರಿಗೆ ಗಡ್ಡದ ಹುಡುಗನೊಬ್ಬ ತೊಡೆಯ ಮೇಲೆ ದೊಡ್ಡ ಬ್ಯಾಗ್ ಇಟ್ಟುಕೊಂಡು ಕೂತಿದ್ದನೆಂದು ನಿನ್ನ ಸ್ಟೇಷನ್ ಬರುವ ಮುಂಚೆಯೇ ಇಳಿದುಬಿಟ್ಟೆ ಅಂದೆಯಲ್ಲ. ಆಗ ನಾನು "ಹೋಗಲಿ ಬಿಡು, ಮನೆ ಸೇರಿದೆಯಲ್ಲ" ಎಂದು ಸುಮ್ಮನಾದೆ. ಸುಮ್ಮನಾಗಬಾರದಿತ್ತು. ಅದಕ್ಕೇ ಈ ಕಾಗದ.

ಹೆದರಿದ್ದಕ್ಕೆ ಬೈಯುವುದಿಲ್ಲ ಮಗನೇ. ಸೋಮವಾರ ರಾತ್ರಿ ಇಲ್ಲಿನ ಅರೀನಾ ಸಭಾಂಗಣದಲ್ಲಿ ಬಾಂಬು ಸಿಡಿದು 22 ಜನ ಹೋದರು. ಹಾಡು ಕೇಳಲು ಬಂದಿದ್ದ ಎಂಟು ವರ್ಷದ ಕೂಸೂ ಅವರಲ್ಲಿತ್ತು. ಮಾರನೇ ರಾತ್ರಿ ಪ್ರಧಾನಿ ತೆರೇಸಾ ಮೇ ಟಿವಿಗೆ ಬಂದು, ಭಯೋತ್ಪಾದನೆಯ ಎಚ್ಚರಿಕೆಯ ಮಟ್ಟ ಎಲ್ಲಕ್ಕಿಂತ ಮೇಲಿನ ಕ್ರಿಟಿಕಲ್‌ಗೆ ಏರಿದೆ, ಸೇನೆಯ ನೆರವು ಪಡೆಯುತ್ತೇವೆ ಅಂದಾಗ ನನ್ನ ಕೈಕಾಲೂ ತಣ್ಣಗಾದವು.

ಆದರೆ ಆ ಸೈನಿಕರು ಯಾಕೆ ಬಂದರೆಂದು ತಿಳಿದುಕೋ. ಈ ದೇಶದಲ್ಲಿ ಬಹುಪಾಲು ಪೊಲೀಸರ ಕೈಯಲ್ಲಿ ಬಂದೂಕೇ ಇರುವುದಿಲ್ಲ. ಅರಮನೆ, ಪಾರ್ಲಿಮೆಂಟು, ಡೌನಿಂಗ್ ಸ್ಟ್ರೀಟು, ರಾಯಭಾರ ಕಚೇರಿಗಳ ಬಾಗಿಲು ಕಾಯಲು ಸೈನಿಕರನ್ನು ನಿಲ್ಲಿಸಿ, ಅಲ್ಲಿದ್ದ ಬಂದೂಕಿನ ಪೊಲೀಸರನ್ನು ಜನ ಓಡಾಡುವ ಕಡೆಗೆ ಕಳಿಸಿದರು. ಇದಕ್ಕೆ ಆಪರೇಷನ್ ಟೆಂಪರರ್ ಎಂದು ಹೆಸರು. 5,000 ಜನರ ತನಕ ಕರೆಸಲು ಅವಕಾಶವಿದ್ದರೂ ಮೊದಲು ಬಂದವರು ಸುಮಾರು 1,000. ಅವರು ಕೆಲಸ ಮಾಡಿದ್ದು ಪೊಲೀಸರು ಹೇಳಿದಂತೆ. ನಿನ್ನ ಅಮ್ಮ ಶಿವಮೊಗ್ಗದಲ್ಲಿ ಟಿವಿ ನೋಡಿ "ಅಕ್ಕಾ, ಅಲ್ಲಿ ಮಿಲಿಟರಿ ಆಳ್ವಿಕೆ ಬಂತಾ?" ಎಂದು ನನ್ನನ್ನು ಕೇಳಿದಳು. ಅವಳಿಗೆ ದಿನಾ ಸಂಜೆ ಫೋನು ಮಾಡು. ವಾಟ್ಸಾಪಿನಲ್ಲಿ ಸುತ್ತುತ್ತಿರುವ ವಿಡಿಯೋಗಳನ್ನು ಮಾತ್ರ ಕಳಿಸಬೇಡ.

ನಿನ್ನೆ ಮಟ್ಟವನ್ನು ಮತ್ತೆ ಸಿವಿಯರ್‌ಗೆ ಇಳಿಸಿದ್ದಾರೆ. ಅದೂ ಸಣ್ಣದಲ್ಲ, ದಾಳಿಯ ಸಾಧ್ಯತೆ ಬಹಳವಿದೆ ಎಂದೇ ಅರ್ಥ. 2014ರ ಆಗಸ್ಟ್‌ನಿಂದ ನಾವು ಬದುಕುತ್ತಿರುವುದೇ ಆ ಮಟ್ಟದಲ್ಲಿ. ನೀನು ಹೀಥ್ರೋದಲ್ಲಿ ಇಳಿದ ದಿನವೂ ಅದೇ ಇತ್ತು. ಆಗ ನಿನಗಿದ್ದ ಚಿಂತೆ ಉಪ್ಪಿನಕಾಯಿ ಡಬ್ಬ ಸೋರಿತೇ ಅನ್ನುವುದೊಂದೇ.

ನಾನು ಈ ಊರಲ್ಲಿ ಇದನ್ನು ಮೊದಲ ಸಲ ನೋಡುತ್ತಿಲ್ಲ. 1996ರ ಜೂನ್ 15, ಶನಿವಾರ ಬೆಳಿಗ್ಗೆ ಕಾರ್ಪೊರೇಷನ್ ಸ್ಟ್ರೀಟಿನಲ್ಲಿ ಐರಿಷ್ ಸಶಸ್ತ್ರ ಸಂಘಟನೆ ಐಆರ್‌ಎ ಲಾರಿ ಬಾಂಬು ಸಿಡಿಸಿತು. ಮುನ್ನೆಚ್ಚರಿಕೆಯ ಫೋನು ಬಂದಿದ್ದರಿಂದ ಪೊಲೀಸರು ಹತ್ತಿರಹತ್ತಿರ 75,000 ಜನರನ್ನು ಹೊರಗೆ ಸಾಗಿಸಿದ್ದರು. 200ಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು, ಪ್ರಾಣ ಯಾರದ್ದೂ ಹೋಗಲಿಲ್ಲ. ಆದರೆ ನಮ್ಮ ವಾರ್ಡಿನಲ್ಲಿದ್ದ ಐರಿಷ್ ನರ್ಸ್, ಇಪ್ಪತ್ತು ವರ್ಷ ಈ ಊರಿನವರ ಗಾಯ ತೊಳೆದವಳು, ಆ ವಾರವೆಲ್ಲ ಅಂಗಡಿಗೆ ಹೋದರೆ ಬಾಯಿ ಬಿಡುತ್ತಿರಲಿಲ್ಲ. ಮಾತಿನ ಧಾಟಿ ಕೇಳಿದರೆ ಜನ ತಿರುಗಿ ನೋಡುತ್ತಾರೆಂದು ಬೇಕಾದ ಸಾಮಾನನ್ನು ಬೆರಳಲ್ಲಿ ತೋರಿಸಿ ಕೊಳ್ಳುತ್ತಿದ್ದಳು.

2005ರ ಜುಲೈ 7ರಂದು ನಿಮ್ಮ ಲಂಡನ್ನಿನಲ್ಲಿ ಬೆನ್ನಚೀಲದಲ್ಲಿ ತಂದ ಬಾಂಬು ಸಿಡಿಸಿ 52 ಜನರನ್ನು ಕೊಂದರು. ಆ ತಿಂಗಳು ನಿನ್ನ ದೊಡ್ಡಪ್ಪ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಟ್ರಾಮಿನಲ್ಲಿ ಕೂತರೆ ಪಕ್ಕದ ಹೆಂಗಸು ಎದ್ದು ಬೇರೆ ಕಡೆ ಹೋದಳಂತೆ. ಬ್ಯಾಗಿನಲ್ಲಿದ್ದದ್ದು ಸ್ಟೆತಾಸ್ಕೋಪು ಮತ್ತು ಚಿತ್ರಾನ್ನದ ಡಬ್ಬಿ. ಆ ರಾತ್ರಿ ಅವರು ಊಟ ಮಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ಎರಡು ವಾರ ಕಳೆದ ಮೇಲೆ, ಜುಲೈ 22ಕ್ಕೆ, ಸ್ಟಾಕ್‌ವೆಲ್ ಸ್ಟೇಷನ್ನಿನಲ್ಲಿ ಪೊಲೀಸರು ಜೀನ್ ಚಾರ್ಲ್ಸ್ ಡಿ ಮೆನೆಜೆಸ್ ಎಂಬ ಬ್ರೆಜಿಲ್ ಹುಡುಗನ ತಲೆಗೆ ಗುಂಡಿಕ್ಕಿದರು. 27 ವರ್ಷ, ಎಲೆಕ್ಟ್ರಿಷಿಯನ್, ಕೆಲಸಕ್ಕೆ ಹೊರಟಿದ್ದವನು. ತಾವು ಹುಡುಕುತ್ತಿದ್ದವನು ಇವನೇ ಎಂದುಕೊಂಡಿದ್ದರು. ತರಬೇತಿ ಪಡೆದವರ ಕಣ್ಣೇ ಹೀಗೆ ತಪ್ಪಿದ ಮೇಲೆ, ಎದುರು ಕೂತವನ ಗಡ್ಡ ನೋಡಿ ನೀನು ನಾನು ಏನು ಕಂಡುಹಿಡಿದೇವು ಹೇಳು? ಗಡ್ಡ ನಿನಗೂ ಇದೆ. ಬ್ಯಾಗು ನಿನ್ನ ಬೆನ್ನ ಮೇಲೂ ಇರುತ್ತದೆ. ಆ ಹುಡುಗ ನೀನು ಇಳಿದು ಹೋದದ್ದನ್ನು ಖಂಡಿತ ನೋಡಿರುತ್ತಾನೆ. ನನ್ನ ಸಂಕಟ ಅದು.

ಎಚ್ಚರ ಬಿಡು ಅನ್ನುತ್ತಿಲ್ಲ. ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟಬೇಡ, ದೂರ ಸರಿದು ಸ್ಟೇಷನ್ ಸಿಬ್ಬಂದಿಗೆ ಹೇಳು. ಯಾರಾದರೂ ಬಾಗಿಲು, ಕ್ಯಾಮೆರಾಗಳ ಫೋಟೋ ಮತ್ತೆಮತ್ತೆ ತೆಗೆಯುತ್ತಿದ್ದರೆ ಹೇಳು, ಅವನ ಬಣ್ಣ ಯಾವುದಾದರೂ ಇರಲಿ. ತುರ್ತಿಗೆ 999 ಇದ್ದೇ ಇದೆ. ಹೊಸ ಜಾಗಕ್ಕೆ ಹೋದಾಗ ಹೊರಬಾಗಿಲು ಎಲ್ಲೆಲ್ಲಿದೆ ಎಂದು ಒಮ್ಮೆ ನೋಡಿಕೋ.

ಇವತ್ತು ಇಲ್ಲಿ ಗ್ರೇಟ್ ಮ್ಯಾಂಚೆಸ್ಟರ್ ರನ್ ಇತ್ತು. ನಿಲ್ಲಿಸುತ್ತಾರೇನೋ ಅಂದುಕೊಂಡಿದ್ದೆ, ನಿಲ್ಲಿಸಲಿಲ್ಲ. ಬಂದೂಕು ಹಿಡಿದ ಪೊಲೀಸರು ನಿಂತಿದ್ದರು, ಸಾವಿರಾರು ಜನ ಓಡಿದರು. ಈ ಊರಿನ ಗುರುತಾದ ಜೇನುನೊಣದ ಚಿತ್ರ ಎಷ್ಟೋ ಜನರ ಎದೆಯ ಮೇಲಿತ್ತು. ನನ್ನ ಪಕ್ಕ ಹಿಜಾಬ್ ಧರಿಸಿದ ಹುಡುಗಿಯೊಬ್ಬಳು ಗಂಟಲು ಹರಿಯುವ ಹಾಗೆ ಓಡುವವರನ್ನು ಹುರಿದುಂಬಿಸುತ್ತಿದ್ದಳು. ನನ್ನ ಕಾಲು ನೋಯುತ್ತಿದೆ ಎಂದು ತಿಳಿದು ತನ್ನ ಮಡಚುವ ಕುರ್ಚಿ ಕೊಟ್ಟಳು.

ಬರುವ ಶನಿವಾರ ಇಲ್ಲಿಗೆ ಬಾ. ಸೇಂಟ್ ಆನ್ಸ್ ಸ್ಕ್ವೇರ್‌ನಲ್ಲಿ ಜನ ಇಟ್ಟಿರುವ ಹೂವು ನೋಡೋಣ. 1996ರಲ್ಲಿ ಸುತ್ತಲಿನದ್ದೆಲ್ಲ ಪುಡಿಯಾದರೂ ಉಳಿದ ಕೆಂಪು ಅಂಚೆಪೆಟ್ಟಿಗೆಯನ್ನೂ ತೋರಿಸುತ್ತೇನೆ. ಯೂಸ್ಟನ್ ರೈಲು ನಿಲ್ದಾಣಕ್ಕೆ ಟ್ಯಾಕ್ಸಿ ಮಾಡಬೇಡ, ಟ್ಯೂಬಿನಲ್ಲೇ ಬಾ.

ನಿನ್ನ,
ದೊಡ್ಡಮ್ಮ