ಸಹಿ ಹಾಕಿದ್ದಾಯಿತು, ಬಾವಿ ಎಲ್ಲಿ?

ಸಂಪಾದಕರೇ,

ಭೂಶಾಖ ವಿದ್ಯುತ್ತಿನ, ಅಂದರೆ ನೆಲದೊಳಗಿನ ಶಾಖದಿಂದ ತೆಗೆಯುವ ವಿದ್ಯುತ್ತಿನ ವಿಚಾರಸಂಕಿರಣದ ವರದಿಯನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿದೆ. ವಿದೇಶಿ ಸಹಕಾರಕ್ಕೆ ಹೊಸ ದಾರಿ ತೆರೆಯಿತು ಅಂತ ಬರೆದಿದ್ದೀರಿ. ನಾನೂ ಅಲ್ಲೇ ಇದ್ದೆ ಸ್ವಾಮಿ. ನನಗೆ ದಾರಿ ಕಾಣಲಿಲ್ಲ. ಫೋಟೊಗೆ ನಿಂತವರ ಬೆನ್ನು ಕಂಡಿತು, ಅಷ್ಟೇ.

ಒಂಬತ್ತೂವರೆಗೆ ಬನ್ನಿ ಎಂದಿದ್ದರು. ಶುರುವಾಗಿದ್ದು ಹನ್ನೊಂದೂಮುಕ್ಕಾಲಿಗೆ. ಗಣ್ಯರು ಬರುವ ತನಕ ಬಾಗಿಲು ತೆಗೆಯುವಂತಿಲ್ಲವಂತೆ. ಮಂಡಿನೋವಿನವನು ನಾನು, ಅಷ್ಟು ಹೊತ್ತೂ ಬಿಸಿಲಲ್ಲಿ ನಿಂತೆ. ನೆಲದೊಳಗಿನ ಶಾಖ ಆಮೇಲೆ, ಮೊದಲು ಮೇಲಿನದು ನೋಡಲಿ ಅಂತಿರಬೇಕು! ಪ್ರಶ್ನೆ ಇದ್ದವರು ಚೀಟಿಯಲ್ಲಿ ಬರೆದು ಕೊಡಿ ಅಂದರು. ಕೊಟ್ಟೆ. ಸಮಯವಿಲ್ಲ ಅಂತ ಚೀಟಿ ಹಾಗೇ ವಾಪಸ್ ಬಂತು. ವಂದನಾರ್ಪಣೆಗೆ ಮಾತ್ರ ಇಪ್ಪತ್ತೈದು ನಿಮಿಷ ಸಿಕ್ಕಿತು.

ಚೀಟಿಯಲ್ಲಿ ಕೇಳಿದ್ದು ಒಂದೇ. ಲಡಾಖಿನ ಪೂಗಾ ಕಣಿವೆಯ ಬಾವಿ ಏನಾಯಿತು? ಅಲ್ಲಿ ಬಿಸಿನೀರಿದೆ ಅಂತ ಭೂವಿಜ್ಞಾನ ಸರ್ವೇಕ್ಷಣೆಯವರು 1970ರ ದಶಕದಲ್ಲೇ ಕೊರೆದು ನೋಡಿದ್ದರು. 2021ರ ಫೆಬ್ರವರಿಯಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಅಲ್ಲಿ ವಿದ್ಯುತ್ ತೆಗೆಯಲು ಒಪ್ಪಂದ ಮಾಡಿಕೊಂಡಿತು. ಐಸ್‌ಲ್ಯಾಂಡಿನ ತಜ್ಞರೂ ಜೊತೆಗಿದ್ದರು. ಮೊದಲ ಹಂತಕ್ಕೆ ಬರೀ 1 ಮೆಗಾವಾಟ್. 2022ರ ಆಗಸ್ಟಿನಲ್ಲಿ ಕೊರೆಯುವಾಗ ಬಿಸಿನೀರು ಚಿಮ್ಮಿ ಪಕ್ಕದ ಹಳ್ಳಕ್ಕೆ ಹರಿಯಿತು. 4,000 ಮೀಟರಿಗಿಂತ ಎತ್ತರದ ಜಾಗ, ಕೆಲಸ ಸುಲಭವಲ್ಲ, ಒಪ್ಪುತ್ತೇನೆ. ಆದರೆ ನೀರು ಹಳ್ಳಕ್ಕೆ ಹೋದರೆ ಜವಾಬ್ದಾರಿ ಯಾರದು, ಬಾವಿ ಕೈಕೊಟ್ಟರೆ ದುಡ್ಡು ಯಾರದು? ಸಹಕಾರ ಅಂದರೆ ಇದನ್ನೇ ಅಲ್ವಾ ಮೊದಲು ಮಾತಾಡಬೇಕಾದದ್ದು? ಈ ಕಸುಬಿನಲ್ಲಿ ದುಡ್ಡು ಮುಳುಗುವುದೇ ಕೊರೆಯುವಾಗ. ವೇದಿಕೆಯ ಮೇಲಿದ್ದ ಯಾರೂ ರಿಗ್, ಅಂದರೆ ಬಾವಿ ಕೊರೆಯುವ ಯಂತ್ರ, ಎಂಬ ಪದವನ್ನೇ ಎತ್ತಲಿಲ್ಲ.

ಕೀನ್ಯಾ ನೋಡಿ. ವಿಶ್ವಸಂಸ್ಥೆಯ ನೆರವಿನಿಂದ ಹುಡುಕಿದರು, ಬಾವಿ ಕೊರೆದರು, 1981ರಲ್ಲಿ ಓಲ್ಕಾರಿಯಾದಲ್ಲಿ ವಿದ್ಯುತ್ ತೆಗೆದರು. ತಮ್ಮ ಹುಡುಗರನ್ನು ಸಾಲುಸಾಲಾಗಿ ಐಸ್‌ಲ್ಯಾಂಡಿಗೆ ತರಬೇತಿಗೆ ಕಳಿಸಿದರು. ಈಗ ಅವರ ವಿದ್ಯುತ್ತಿನಲ್ಲಿ ಸುಮಾರು ಶೇ 40ರಷ್ಟು ನೆಲದ ಶಾಖದ್ದೇ.

ತರಬೇತಿ ಅಂದಾಗ ನನ್ನ ಹಳೇ ಹೊಟ್ಟೆಯುರಿ ನೆನಪಾಗುತ್ತದೆ. ಐಸ್‌ಲ್ಯಾಂಡಿನಲ್ಲಿ 1979ರಿಂದ ಆರಾರು ತಿಂಗಳ ತರಬೇತಿ ನಡೆಯುತ್ತಿದೆ. ಕೆಲಸದಲ್ಲಿದ್ದಾಗ ನಾನೂ ಅರ್ಜಿ ಹಾಕಿದ್ದೆ. ಕಚೇರಿಯಿಂದ ಶಿಫಾರಸು ಪತ್ರ ಬೇಕಿತ್ತು. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು, ಬಂತು, ಮತ್ತೆ ಹೋಯಿತು. ಪತ್ರ ನನ್ನ ಕೈಗೆ ಬರುವಷ್ಟರಲ್ಲಿ ಆ ವರ್ಷ ಹೋದವರು ಕಲಿತು ಊರಿಗೆ ವಾಪಸಾಗಿದ್ದರು! ಅದೇ ವರ್ಷ ವಿದೇಶ ಪ್ರವಾಸಕ್ಕೆ ಆಯ್ಕೆಯಾದವರು ಲೆಕ್ಕಪತ್ರ ವಿಭಾಗದವರು. ಬಾವಿಯೊಳಗೆ ಇಳಿಸುವ ಕೇಸಿಂಗ್ ಪೈಪು ಹೇಗಿರುತ್ತದೆ ಅಂತ ನೋಡಿದವರಲ್ಲ. ಕೇಳಿದರೆ, ನಿಮಗ್ಯಾಕ್ರೀ ಸುಮ್ನೆ, ಅಂದರು.

ಆದ್ದರಿಂದ ಸಂಬಂಧಪಟ್ಟವರು ಪೂಗಾ ಬಾವಿಯ ಲೆಕ್ಕ ಕೊಡಲಿ. ಇಲ್ಲವೇ ಇಂಥ ಸಂಕಿರಣಗಳನ್ನಾದರೂ ನಿಲ್ಲಿಸಲಿ. ಎರಡೂ ಆಗದಿದ್ದರೆ ಮುಂದಿನ ಸಲ ಬಾಗಿಲನ್ನು ಒಂಬತ್ತೂವರೆಗೆ ತೆಗೆದು ನಾಲ್ಕು ಕುರ್ಚಿ ಹಾಕಲಿ. ಅದಕ್ಕೂ ವಿದೇಶಿ ಸಹಕಾರ ಬೇಕೇ?

– ನಿವೃತ್ತ ಡ್ರಿಲ್ಲಿಂಗ್ ನೌಕರ